ಶಟರಿನ ಒಳಮೈಯ ಒಂದು ಸಾಲು

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೊರಡುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಎರಡು ಟೈರ್ ಅಂಗಡಿಗಳ ನಡುವೆ ದೊಡ್ಡಪಾಲಯ್ಯನ ಶೆಡ್ಡು ಇದೆ. ಬೋರ್ಡಿಲ್ಲ. ಸತ್ತ ಬ್ಯಾಟರಿಗಳ ಸಾಲು ಕಂಡರೆ ಅದೇ ಎಂದುಕೊಳ್ಳಬೇಕು. ಶೆಡ್ಡಿನ ಬೆನ್ನಿಗೇ ಮನೆ. ವಯಸ್ಸು ಐವತ್ತಮೂರು, ಓದು ಏಳನೇ ಕ್ಲಾಸಿಗೆ ನಿಂತಿತು. ಆದರೂ ಇತ್ತ ತಳಕು, ಅತ್ತ ರಾಂಪುರದವರೆಗೆ ಯಾರ ಕಾರು ಸ್ಟಾರ್ಟ್ ಆಗದಿದ್ದರೂ ಮೊದಲ ಫೋನು ಇವನಿಗೆ.

ಅವನದೊಂದು ಕ್ರಮವಿದೆ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುವುದಿಲ್ಲ. ‘ಕೀ ತಿರುಗ್ಸಿ’ ಎಂದು ಹೇಳಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಟಕ್ ಎಂದು ಸುಮ್ಮನಾದರೆ ಬ್ಯಾಟರಿ ನೋಡುತ್ತಾನೆ. ಸೆಲ್ಫ್ ಹೊಡೆದು ಇಂಜಿನ್ ಹಿಡಿಯದಿದ್ದರೆ ಹಿಂದಿನ ಸೀಟಿಗೆ ಕಿವಿ ಕೊಟ್ಟು, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಎರಡು ಸೆಕೆಂಡು ಗುಂಯ್ ಅನ್ನುತ್ತದೋ ಇಲ್ಲವೋ ಕೇಳುತ್ತಾನೆ. ಸ್ಕ್ಯಾನರ್ ಜೋಡಿಸುವುದು ಆಮೇಲೆ. ಪರದೆಯ ಮೇಲೆ ಬರುವ ಕೋಡುಗಳನ್ನು ಓದಲು ಕಲಿಸಿದವಳು ಮಗಳು ಸ್ವಪ್ನ. ಪಿ ಅಂದರೆ ಇಂಜಿನ್ನು, ಬಿ ಅಂದರೆ ಏರ್‌ಬ್ಯಾಗು ಬಾಗಿಲು ದೀಪಗಳು, ಯು ಅಂದರೆ ಗಾಡಿಯೊಳಗಿನ ಒಂದು ಕಂಪ್ಯೂಟರ್ ಡಬ್ಬಿ ಇನ್ನೊಂದರ ಜೊತೆ ಮಾತು ಬಿಟ್ಟಿದೆ ಎಂದು. ಅವಳು ಮದುವೆಯಾಗಿ ಹೋದ ಮೇಲೂ ಅಪ್ಪ ಆ ಪಾಠ ಮರೆತಿಲ್ಲ.

ಗಾಡಿಯ ಮೆಮೊರಿಯಿಂದ ಕೋಡು ಅಳಿಸುವ ಮುನ್ನ ಅದರ ನಂಬರು, ತಾರೀಖು, ಓಡಿದ ಕಿಲೋಮೀಟರು, ಕೋಡು ಇಷ್ಟನ್ನೂ ಅವನು ಶಟರಿನ ಒಳಮೈ ಮೇಲೆ ಬರೆಯುತ್ತಾನೆ. ಬರೆಯುವುದು ಟೈರ್ ಅಂಗಡಿಯವರು ಗುರುತು ಹಾಕುವ ಹಳದಿ ಮೇಣದ ಚಾಕಿನಿಂದ. ಶಟರ್ ಎಷ್ಟು ಸಲ ಸುತ್ತಿ ಬಿಚ್ಚಿದರೂ ಹೋಗುವುದಿಲ್ಲ. ಗಾಡಿ ಸರಿಯಾಗಿ ಮನೆಗೆ ಹೋದ ಮೇಲೆ ಪೆಟ್ರೋಲ್ ಬಟ್ಟೆಯಿಂದ ಆ ಸಾಲು ಒರೆಸುತ್ತಾನೆ. ಗಾಡಿಯಲ್ಲಿ ಇಲ್ಲದ್ದು ಶಟರಿನಲ್ಲೂ ಇರಬಾರದು ಎಂಬುದು ಅವನ ನೇಮ.

ಎರಡು ವರ್ಷಗಳಿಂದ ಒಂದು ಸಾಲು ಮಾತ್ರ ಅಲ್ಲೇ ಉಳಿದಿತ್ತು. ಹಗಲು ಶಟರ್ ಮೇಲೆ ಸುತ್ತಿಕೊಂಡಿರುತ್ತದೆ, ಯಾರಿಗೂ ಕಾಣದು. ಸಂಜೆ ಅದನ್ನು ಒಳಗಿನಿಂದ ಎಳೆದು ಹಿಂಬಾಗಿಲಲ್ಲಿ ಮನೆಗೆ ಹೋಗುವಾಗ ಆ ಸಾಲು ಪಟ್ಟಿ ಪಟ್ಟಿಯಾಗಿ ಕೆಳಗಿಳಿದು ಸರಿಯಾಗಿ ಅವನ ಎದೆಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ದಿನವೂ. ಅವನು ಬೆನ್ನು ಮಾಡಿ ಶಟರ್ ಎಳೆಯುವುದನ್ನು ಅಭ್ಯಾಸ ಮಾಡಿಕೊಂಡ.

ಆ ಸಾಲಿನ ಕಥೆ ಒಂದು ಡಿಸೆಂಬರ್ ಬೆಳಿಗ್ಗೆ ಶುರುವಾಯಿತು. ಎಣ್ಣೆ ಮಿಲ್ಲಿನ ಗೋವರ್ಧನನ ಬಿಳಿ ಕಾರನ್ನು ಮಿಲ್ಲಿನದೇ ಟೆಂಪೋ ಹಗ್ಗ ಕಟ್ಟಿ ಎಳೆದು ತಂದಿತು. ಎಡಗಡೆ ಬಂಪರ್ ಒಳಗೆ ಹೋಗಿತ್ತು. ಬಾನೆಟ್ ಮೇಲೆ ಬೋಗುಣಿಯಷ್ಟು ತಗ್ಗು. ಮತ್ತು ಗಾಡಿಯನ್ನು ಆಗಲೇ ತೊಳೆದಿದ್ದರು. ಕೆಟ್ಟು ನಿಂತ ಗಾಡಿಯನ್ನು ರಿಪೇರಿಗೆ ತರುವ ಮೊದಲು, ಆ ಚಳಿಯಲ್ಲಿ, ತೊಳೆಯುವವರು ಯಾರು? ಈ ಪ್ರಶ್ನೆ ಅವನಿಗೆ ಅಂದೇ ಬಂದಿತ್ತು. ಬಂದದ್ದನ್ನು ಬಂದ ದಾರಿಯಲ್ಲೇ ಕಳಿಸಿದ.

‘ಸೆಲ್ಫ್ ಹೊಡೀತೈತೆ, ಇಂಜಿನ್ ಹಿಡೀತಿಲ್ಲ ಪಾಲಯ್ಯ.’

ಪಂಪಿನ ಸದ್ದಿಲ್ಲ. ಸ್ಕ್ಯಾನರಿನಲ್ಲಿ ಎರಡು ಕೋಡು. ಒಂದು ಬಿ: ಡಿಕ್ಕಿ ಆಗಿದೆ. ಇನ್ನೊಂದು ಪಿ: ಅದಕ್ಕೇ ಪೆಟ್ರೋಲ್ ಕಡಿದಿದ್ದೇನೆ. ಈಗಿನ ಕಾರುಗಳು ಜೋರಾಗಿ ಎಲ್ಲಿಗಾದರೂ ಬಡಿದರೆ, ಬೆಂಕಿ ಹೊತ್ತದಿರಲಿ ಎಂದು ತಾವೇ ಪಂಪು ನಿಲ್ಲಿಸಿಕೊಳ್ಳುತ್ತವೆ. ಗಾಡಿಗೆ ಯಾವ ರೋಗವೂ ಇರಲಿಲ್ಲ.

‘ಎಲ್ಲಿಗ್ ಬಡಿದ್ರಿ ಸಾಹುಕಾರ್ರೆ?’

ಗೋವರ್ಧನ ಟೆಂಪೋದವನನ್ನು ಟೀ ತರಲು ಕಳಿಸಿದ. ಆಮೇಲೆ ದನಿ ತಗ್ಗಿಸಿದ. ‘ನಿನ್ನೆ ಮುಸ್ಸಂಜೆ, ತಳಕು ದಾಟಿದ ಮೇಲೆ. ದೇವರ ಎತ್ತು ಕಣಯ್ಯ. ಅಡ್ಡ ಬಂದುಬಿಡ್ತು. ಗಾಡಿ ಅಲ್ಲೇ ನಿಂತ್ಹೋಯ್ತು, ರಾತ್ರೀನೇ ಮಿಲ್ಲಿಗೆ ಎಳೆಸ್ಕಂಡೆ. ಹಟ್ಟಿಯೋರಿಗೆ ಗೊತ್ತಾದ್ರೆ ನನ್ನ ಬಿಟ್ಟಾರಾ? ನೀನೂ ಆ ಕಡೆಯೋನೇ, ನಿಂಗೆ ಬಿಡಿಸಿ ಹೇಳಬೇಕಾ?’

ಬಿಡಿಸಿ ಹೇಳಬೇಕಿರಲಿಲ್ಲ. ದೊಡ್ಡಪಾಲಯ್ಯ ಮೊಳಕಾಲ್ಮುರು ತಾಲ್ಲೂಕಿನ, ದೇವರ ಎತ್ತು ಸಾಕುವ ಮ್ಯಾಸನಾಯಕರ ಹಟ್ಟಿಯಲ್ಲಿ ಹುಟ್ಟಿದವನು. ದೇವರಿಗೆ ಬಿಟ್ಟ ಎತ್ತುಗಳು ನೊಗ ಹೊರುವುದಿಲ್ಲ, ಮೂಗುದಾರ ಕಾಣುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು. ಅಂಥ ಎತ್ತು ಗಾಡಿಗೆ ಸಿಕ್ಕು ಸತ್ತಿತೆಂದು ಕೇಳಿ ಪಾಲಯ್ಯ ಚಪ್ಪಲಿ ಕಳಚಿ, ಬಾನೆಟ್ಟಿನ ತಗ್ಗಿಗೆ ಕೈಮುಗಿದ. ಅವನು ಹೆದರಿದ್ದು ದೇವರಿಗೆ. ಆ ಹೆದರಿಕೆಯನ್ನು ಗೋವರ್ಧನ ಚೆನ್ನಾಗಿ ಅಳೆದು ತಂದಿದ್ದ. ಮನುಷ್ಯ ಎಂದಿದ್ದರೆ ಪಾಲಯ್ಯ ಕೈ ಹಿಂದಕ್ಕೆ ತೆಗೆಯುತ್ತಿದ್ದ. ಎತ್ತು ಎಂದಾಗ ಬಾಯಿ ಮುಚ್ಚಿದ.

ಶಟರಿನ ಮೇಲೆ ಬರೆದ: ನಂಬರು, ತಾರೀಖು, 61412, ಎರಡು ಕೋಡು. ಇಂಜಿನ್ನಿನ ಮೆಮೊರಿ ಅಳಿಸಿದ. ಪಂಪು ಗುಂಯ್ ಎಂದಿತು, ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಆದರೆ ಗೇರಿನ ಕೆಳಗೆ ಕೂತಿರುವ ಏರ್‌ಬ್ಯಾಗಿನ ಡಬ್ಬಿ ಮಾತ್ರ ಒಪ್ಪಲಿಲ್ಲ. ಎಷ್ಟು ಸಲ ಅಳಿಸಿದರೂ ಬಿ ಕೋಡು ಮತ್ತೆ ಬಂತು, ಮೀಟರಿನಲ್ಲಿ ಕೆಂಪು ದೀಪ ಮತ್ತೆ ಹತ್ತಿತು. ಡಿಕ್ಕಿಯನ್ನು ಒಮ್ಮೆ ಬರೆದುಕೊಂಡರೆ ಆ ಡಬ್ಬಿ ಬಿಡುವುದಿಲ್ಲ. ಪಾಲಯ್ಯ ಡ್ಯಾಶ್‌ಬೋರ್ಡ್ ಬಿಚ್ಚಿ ದೀಪದ ವೈರನ್ನೇ ಕತ್ತರಿಸಿದ.

ಬಂಪರಿನ ಜಾಲಿ ಒರೆಸುವಾಗ ಬೆರಳಿಗೆ ಏನೋ ಸುತ್ತಿಕೊಂಡಿತು. ಕರಿ ಉಣ್ಣೆಯ ಎಳೆ, ಗೇಣುದ್ದ. ಕಂಬಳಿಯದು. ಎತ್ತು ಕಂಬಳಿ ಹೊದೆಯುವುದಿಲ್ಲ ಎಂದು ಹೇಳಲು ಯಾವ ಸ್ಕ್ಯಾನರೂ ಬೇಕಾಗಿರಲಿಲ್ಲ. ಎಳೆಯನ್ನು ಚರಂಡಿಗೆ ಉದುರಿಸಿ, ಎತ್ತೇ ಸತ್ತದ್ದು ಎಂದು ತನಗೆ ತಾನೇ ಹೇಳಿಕೊಂಡು, ಕೈ ತೊಳೆದುಕೊಂಡ. ಗಾಡಿ ಹೋಯಿತು. ಪೆಟ್ರೋಲ್ ಬಟ್ಟೆ ಕೈಗೆ ತೆಗೆದುಕೊಂಡು ಶಟರಿನ ಮುಂದೆ ನಿಂತ. ದೇವರ ಎತ್ತಿನ ಸಾವು ಬರೆದ ಸಾಲನ್ನು ಒರೆಸಲು ಕೈ ಏಳಲಿಲ್ಲ.

ಮೂರು ವಾರ ನಿದ್ದೆಯಿಲ್ಲದೆ ಕಳೆದು, ಒಂದು ಹೊರೆ ಹಸಿ ಜೋಳದ ಸೊಪ್ಪು, ಎರಡು ಅಚ್ಚು ಬೆಲ್ಲ ಹೊತ್ತು ತಪ್ಪುಗಾಣಿಕೆಗೆಂದು ತಳಕಿನ ಆಚೆಯ ಆ ಹಟ್ಟಿಗೆ ಹೋದ. ಗುಡಿಯ ಕಟ್ಟೆ ಮೇಲೆ ಹಟ್ಟಿಯ ಯಜಮಾನ ಚಂದ್ರಣ್ಣ ಕೂತಿದ್ದ.

‘ಯಾವ ಎತ್ತು ತೀರ್ಕಂತು ಯಜಮಾನ್ರೆ?’

‘ಎತ್ತು ಎಲ್ಲಿ ಸತ್ತೈತೆ? ಯಾರಯ್ಯ ಹೇಳಿದ್ದು ನಿಂಗೆ? ಸತ್ತಿದ್ದು ಕಿಲಾರಿ. ಕ್ಯಾತಣ್ಣ.’

ಕಿಲಾರಿ ಎಂದರೆ ದೇವರ ಎತ್ತುಗಳನ್ನು ಮೇಯಿಸುವವನು. ಬರಿಗಾಲು, ಹೆಗಲಿಗೆ ಕರಿಕಂಬಳಿ, ಕೈಯಲ್ಲಿ ಕೋಲು. ಕ್ಯಾತಣ್ಣ ಮೂವತ್ತು ವರ್ಷ ಅದನ್ನೇ ಮಾಡಿದವನು. ಆ ಸಂಜೆ ಹಿಂದೆ ಉಳಿದ ಒಂದು ಎತ್ತನ್ನು ಕರೆತರಲು ರಸ್ತೆ ದಾಟಿದವನು ವಾಪಸ್ ಬರಲಿಲ್ಲ. ಬೆಳಗ್ಗೆ ರಸ್ತೆಯ ಇಳಿಜಾರಿನಲ್ಲಿ, ಜಾಲಿಗಿಡಗಳ ನಡುವೆ ಹೆಣ ಸಿಕ್ಕಿತು. ಎತ್ತು ಅವನ ಮೇಲೆ ನೆರಳಿನ ಹಾಗೆ ನಿಂತಿತ್ತು. ಹತ್ತಿರ ಹೋದವರನ್ನೆಲ್ಲ ತಲೆ ತಗ್ಗಿಸಿ ಅಟ್ಟಿತು. ಅದರ ಮುಸುಡಿ, ಕೊಂಬು ಎಲ್ಲ ರಕ್ತ.

ಅಷ್ಟು ಸಾಕಾಯಿತು. ದೇವರ ಎತ್ತು ಸುಮ್ಮನೆ ತಿವಿಯುವುದಿಲ್ಲ. ತಿವಿದಿದೆ ಎಂದರೆ ಕಿಲಾರಿ ಏನೋ ನೇಮ ಕೆಡಿಸಿದ್ದಾನೆ. ಹಟ್ಟಿ ಹಾಗೆ ಓದಿಕೊಂಡಿತು. ಠಾಣೆಯವರಿಗೂ ಅದೇ ಸಲೀಸು. ಕ್ಯಾತಣ್ಣನ ಎರಡೂ ಕಾಲು ಮೊಣಕಾಲಿನ ಕೆಳಗೆ ಒಂದೇ ಮಟ್ಟದಲ್ಲಿ ಮುರಿದಿದ್ದವು. ಯಾವ ಎತ್ತಿನ ಕೊಂಬು ಅಳತೆ ಇಟ್ಟು ಎರಡು ಕಾಲು ಮುರಿಯುತ್ತದೆ ಎಂದು ಒಬ್ಬನೇ ಒಬ್ಬ ಅಧಿಕಾರಿ ಕೇಳಲಿಲ್ಲ. ಪತ್ರಿಕೆಯಲ್ಲಿ ಎರಡು ಸಾಲು ಬಂತು: ಎತ್ತು ತಿವಿದು ವ್ಯಕ್ತಿ ಸಾವು. ಬಡವ ಸತ್ತರೆ ಕಾರಣ ಕೈಗೆ ಹತ್ತಿರದ್ದೇ ಸಾಕು ನಮಗೆ. ದೂರ ಹೋಗಿ ಹುಡುಕುವ ಕಾರಣಗಳೆಲ್ಲ ಉಳ್ಳವರ ಸಾವಿಗೆ.

ಎತ್ತಿಗೂ ಶಿಕ್ಷೆಯಾಯಿತು. ರಕ್ತ ಕಂಡ ಎತ್ತು ಹಿಂಡಿನಲ್ಲಿ ಬೇಡ ಎಂದು ಗುಡಿಯಿಂದ ದೂರ, ಒಂದು ಹುಣಸೆ ಬುಡಕ್ಕೆ ಹಗ್ಗ ಹಾಕಿ ಕಟ್ಟಿದರು. ಹುಟ್ಟಿದಂದಿನಿಂದ ಹಗ್ಗ ಮುಟ್ಟದ ಕುತ್ತಿಗೆ.

ಪಾಲಯ್ಯ ಅಂದು ಅದನ್ನು ನೋಡಿದ. ಅದಕ್ಕೆ ನೀರು ಹಿಡಿದು ನಿಂತಿದ್ದವಳನ್ನೂ ನೋಡಿದ. ಕ್ಯಾತಣ್ಣನ ಹೆಂಡತಿ ಬೋರಕ್ಕ. ಇವನು ಸೊಪ್ಪಿನ ಹೊರೆ ಇಳಿಸಿದ್ದು ನೋಡಿ, ಯಾರೋ ಹರಕೆಯವನು ಎಂದುಕೊಂಡು, ತಾನಾಗಿಯೇ ಹೇಳಿದಳು.

‘ಇದು ತಿವಿದಿಲ್ಲಣ್ಣಾ. ಎಬ್ಬಿಸಾಕೆ ಮುಸುಡಿ ಒತ್ತೈತೆ, ಅಷ್ಟೇ. ಕರು ಇದ್ದಾಗ ನನ್ನ ಗಂಡನ ಕಂಬಳಿಯಾಗೇ ಮಲಗ್ತಿತ್ತು. ನಂಗೆ ಬ್ಯಾರೆ ಏನೂ ಬ್ಯಾಡ. ಈ ಹಗ್ಗ ಬಿಚ್ಚಿದ್ರೆ ಸಾಕು. ಇದು ಕಟ್ಟಿರೋವರ್ಗೂ ಅವನು ಕೆಟ್ಟೋನು ಅಂತಲೇ ಅಲ್ವಾ?’

ಪಾಲಯ್ಯ ಬೆಲ್ಲವನ್ನೂ ಸೊಪ್ಪಿನ ಮೇಲೆ ಇಟ್ಟ. ಬಸ್ಸು ಹತ್ತಿದ.

ಆಮೇಲೆ ಎರಡು ವರ್ಷ. ಮಿಲ್ಲಿನ ಹನ್ನೊಂದು ಗಾಡಿಗಳ ಕೆಲಸ ಇವನಿಗೇ ಬರುತ್ತಿತ್ತು. ಹೇಳಿದರೆ ತಾನೂ ಜೈಲಿಗೆ ಎಂಬುದೂ ಗೊತ್ತಿತ್ತು. ಹೇಡಿತನಕ್ಕೆ ನೂರು ಲೆಕ್ಕ ಸಿಗುತ್ತವೆ, ಅವನೂ ಹುಡುಕಿಕೊಂಡ. ಆದರೆ ಸೆಲ್ಫ್ ಹೊಡೆಯುವ ಪ್ರತಿ ಗಾಡಿಯಲ್ಲೂ, ಇಂಜಿನ್ ಹಿಡಿಯುವ ಮುಂಚಿನ ಆ ಎಳೆದಾಟದಲ್ಲಿ, ಉಸಿರು ಸಿಗದ ಮನುಷ್ಯನ ಗೊರಗೊರ ಕೇಳತೊಡಗಿತು. ಕಣ್ಣು ಮುಚ್ಚಿ ಕೇಳುವ ಕ್ರಮವನ್ನೇ ಬಿಟ್ಟ. ಬೆರಳ ಸಂದಿಯಲ್ಲಿ ಆಗಾಗ ಉಣ್ಣೆಯ ಎಳೆ ಸಿಕ್ಕಿಕೊಂಡಂತಾಗಿ ಕೈ ಒದರುತ್ತಿದ್ದ. ಅಲ್ಲಿ ಏನೂ ಇರುತ್ತಿರಲಿಲ್ಲ. ಹೆಂಡತಿ ಸೂರಮ್ಮ ಕಂಬಳಿ ಹೊದೆಸಲು ಬಂದರೆ ಚಳಿಯಲ್ಲೂ ತಳ್ಳುತ್ತಿದ್ದ.

ಕಳೆದ ಜನವರಿಯಲ್ಲಿ ಅದೇ ಬಿಳಿ ಕಾರು ಅದೇ ಟೆಂಪೋದ ಹಿಂದೆ ಮತ್ತೆ ಬಂತು.

‘ಮಾರೋಣ ಅಂತ ಇಟ್ಟಿದ್ದೆ’ ಎಂದ ಗೋವರ್ಧನ. ‘ತಗಳ್ಳೋನು ಚೆಕ್ ಮಾಡಿಸಿದ. ಡಿಕ್ಕಿ ಗಾಡಿ ಅಂತ ತೋರಿಸ್ತಂತೆ, ಒಲ್ಲೆ ಅಂದ. ಬಳ್ಳಾರಿಯಾಗೆ ಒಬ್ಬ ಡಬ್ಬಿ ಬಿಚ್ಚಿ ಏನೋ ಕೆರೆದ, ಈಗ ಗಾಡೀನೇ ಏಳ್ತಿಲ್ಲ. ಆ ಡಬ್ಬಿ ಕಿತ್ತು ಬ್ಯಾರೆ ಹಾಕು. ಹಳೇದನ್ನ ನಂಗೆ ತೋರಿಸೋದೂ ಬ್ಯಾಡ, ಎತ್ತಿ ಕೆರೆಗೆ ಎಸಿ.’

‘ಸಾಮಾನು ಬರ್ಬೇಕು. ಎರಡು ದಿನ ಆಗ್ತೈತೆ ಸಾಹುಕಾರ್ರೆ.’

ಅವನು ಹೋದ ಮೇಲೆ ಪಾಲಯ್ಯ ಕೀ ತಿರುಗಿಸಿದ. ಸೆಲ್ಫ್ ಹೊಡೆಯಿತು. ಗೊರ, ಗೊರ, ಗೊರ. ಇಂಜಿನ್ ಹಿಡಿಯಲಿಲ್ಲ. ಪಂಪಿನ ಸದ್ದಿಲ್ಲ. ಬ್ಯಾಟರಿ ಸರಿ, ಫ್ಯೂಸು ಸರಿ. ಸ್ಕ್ಯಾನರಿನಲ್ಲಿ ಈ ಸಲ ಯು ಕೋಡು: ಏರ್‌ಬ್ಯಾಗಿನ ಡಬ್ಬಿ ಮಾತಾಡುತ್ತಿಲ್ಲ. ಅದು ಮಾತಾಡದಿದ್ದರೆ ಈ ಕಾರು ಪಂಪು ಬಿಡುವುದಿಲ್ಲ. ಗೇರಿನ ಪಕ್ಕದ ಮುಚ್ಚಳ ತೆಗೆದ. ಬಳ್ಳಾರಿಯವನು ಎಳೆದಾಡಿ ಎರಡು ವೈರು ಕಿತ್ತಿದ್ದ, ಅಷ್ಟೇ. ಬೆಸುಗೆ ಹಾಕಿ, ಟೇಪು ಸುತ್ತಿ, ಮತ್ತೆ ಸ್ಕ್ಯಾನರ್ ಒತ್ತಿದ.

ಡಬ್ಬಿಗೆ ಮಾತು ಬಂತು. ಹೋದ ಸಲ ಅವನು ಡಿಕ್ಕಿಯ ವಿವರವಿರುವ ಒಳಗಿನ ಪುಟ ತೆರೆದಿರಲಿಲ್ಲ, ತೆರೆಯಲು ಧೈರ್ಯವಿರಲಿಲ್ಲ. ಈಗ ತೆರೆದ. ಡಿಕ್ಕಿಯಾದಾಗ ಗಾಡಿ ಓಡಿದ್ದು 61412 ಕಿಲೋಮೀಟರು. ವೇಗ 87. ಬ್ರೇಕು: ಒತ್ತಿಲ್ಲ.

ಒತ್ತಿಲ್ಲ. ಆ ಒಂದು ಪದವನ್ನು ಅವನು ಎಷ್ಟೋ ಹೊತ್ತು ನೋಡುತ್ತ ಕೂತ. ಅನ್ನಕ್ಕೆ ಕರೆಯಲು ಬಂದ ಸೂರಮ್ಮ, ಗಂಡ ಕಾರಿನೊಳಗೆ ಅಳುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು. ಎರಡು ವರ್ಷದ್ದನ್ನೆಲ್ಲ ಅವನು ಅಂದು ಹೇಳಿದ. ಅವಳು ಸಮಾಧಾನ ಮಾಡಲಿಲ್ಲ.

‘ಮನೆಯಾಗೆ ಕರೆಂಟ್ ಹೋದ್ರೆ ನನ್ನ ಬೈತಿದ್ದೆ. ಅಲ್ಲಿ ಇನ್ನೊಬ್ಬಳ ಮನೆ ದೀಪ ಕಿತ್ತು ಬಂದು ಇಲ್ಲಿ ಉಂಡು ಮಲಗ್ತಿದ್ಯಾ?’ ಎಂದಳು. ‘ಈಗ್ಲೂ ಅಳ್ತಾ ಕೂತ್ಕೋ. ಆ ಎತ್ತು ನಿನ್ನ ಕಣ್ಣೀರು ಕುಡಿದು ಬದುಕ್ತೈತೆ.’

ಆಗಲೇ ಅವನು ಚಂದ್ರಣ್ಣನಿಗೆ ಫೋನ್ ಮಾಡಿದ್ದು. ಬೋರಕ್ಕನನ್ನು ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿದ.

ಮರುದಿನ ಹನ್ನೊಂದು ಗಂಟೆಗೆ ಇಬ್ಬರೂ ಬಸ್ಸಿಳಿದು ಬಂದರು. ಪಾಲಯ್ಯ ಅವರನ್ನು ಒಳಗೆ ಕರೆದು, ಹಾಡಹಗಲೇ ಶಟರನ್ನು ಒಳಗಿನಿಂದ ಎಳೆದ. ಶೆಡ್ಡು ಕತ್ತಲಾಯಿತು. ಸ್ಕ್ಯಾನರಿನ ನೀಲಿ ಬೆಳಕು ಮಾತ್ರ. ಆ ಬೆಳಕನ್ನು ಶಟರಿಗೆ ಹಿಡಿದಾಗ ಹಳದಿ ಸಾಲು ಎದ್ದು ಕಂಡಿತು.

‘ಯಜಮಾನ್ರೆ, ಈ ತಾರೀಖು ಓದ್ರಿ.’

ಚಂದ್ರಣ್ಣ ಕನ್ನಡಕ ಸರಿಮಾಡಿಕೊಂಡು ಓದಿದ. ಕ್ಯಾತಣ್ಣನ ಹೆಣ ಸಿಕ್ಕ ದಿನ.

‘ಇದರ ಮುಂದಿನ ನಂಬರು ಓದ್ರಿ.’

‘ಆರು ಒಂದು ನಾಕು ಒಂದು ಎರಡು.’

ಪಾಲಯ್ಯ ಸ್ಕ್ಯಾನರನ್ನು ಅವನ ಕೈಗೇ ಕೊಟ್ಟ. ‘ಈಗ ಇದ್ರಾಗೆ ಓದ್ರಿ. ಇದು ಮಿಲ್ಲಿನ ಸಾಹುಕಾರ್ರ ಗಾಡಿ ಹೇಳೋದು, ಗುದ್ದಿದಾಗ ಎಷ್ಟು ಓಡಿತ್ತು ಅಂತ. ಗುದ್ದಿದ ಮೇಲೆ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು, ಒಂದು ಮೀಟರೂ ತಾನಾಗಿ ಓಡಿಲ್ಲ.’

ಅದೇ ಐದು ಅಂಕಿ. ಚಂದ್ರಣ್ಣ ಅತ್ತ ನೋಡಿದ, ಇತ್ತ ನೋಡಿದ. ‘ಅಲ್ಲಯ್ಯ... ಗಾಡಿ ಸುಳ್ಳು ಹೇಳಲ್ವಾ?’

‘ಗಾಡಿಗೆ ಸುಳ್ಳು ಹೇಳೋದು ಕಲಿಸ್ದೋನು ನಾನೇ. ಈ ಡಬ್ಬಿ ಒಂದು ಕಲೀಲಿಲ್ಲ.’

ಅಲ್ಲಿಯವರೆಗೆ ಸುಮ್ಮನಿದ್ದ ಬೋರಕ್ಕ ಕಾರಿನ ಮುಂದೆ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟಿದ್ದಳು. ಹೊಸ ಬಣ್ಣ ಹೊಡೆಸಿದ್ದರೂ ತಗ್ಗಿನ ಗುರುತು ಕೈಗೆ ಸಿಗುತ್ತಿತ್ತು.

‘ಅವನ ಹೆಸರು ಐತಾ ಅದರಾಗೆ?’ ಎಂದಳು.

‘ಹೆಸರಿಲ್ಲ ಬೋರಕ್ಕ. ವೇಗ ಐತೆ. ಬ್ರೇಕ್ ಒತ್ತಿಲ್ಲ ಅಂತ ಐತೆ.’

‘ಒತ್ತಿಲ್ವಾ.’ ಅವಳು ಕತ್ತಲಲ್ಲಿ ಅವನ ಕಡೆ ತಿರುಗಿದಳು. ‘ನೀನು ಅವತ್ತು ಸೊಪ್ಪು ತಂದೋನಲ್ವಾ? ನಾನು ಹಗ್ಗದ ಮಾತು ಹೇಳ್ದೆ, ನೀನು ಕೇಳಿಸ್ಕಂಡೆ, ಬಸ್ ಹತ್ತಿದೆ. ನೀನು ಯಾವ ಬ್ರೇಕ್ ಒತ್ತಿದ್ಯೋ?’

ಪಾಲಯ್ಯ ಶಟರ್ ಎತ್ತಿ ಬೆಳಕು ಒಳಗೆ ಬಿಟ್ಟ.

ಸಂಜೆಯೊಳಗೆ ಗೋವರ್ಧನನಿಗೆ ಸುದ್ದಿ ಮುಟ್ಟಿತ್ತು. ಶೆಡ್ಡಿನ ಮುಂದೆ ನಿಂತು, ಅಕ್ಕಪಕ್ಕದ ಟೈರ್ ಅಂಗಡಿಯವರೆಲ್ಲ ಕೇಳುವ ಹಾಗೆ ನಕ್ಕ. ‘ದೀಪ ಕಿತ್ತೋನು ನೀನು, ಅಳಿಸ್ದೋನು ನೀನು. ನನ್ನ ಜೊತೆ ನೀನೂ ಒಳಗ್ ಹೋಗ್ತೀಯ ಲೇ ಪಾಲಯ್ಯ.’

‘ಹೋಗ್ತೀನಿ. ಗಾಡಿ ಮಾತ್ರ ಪೊಲೀಸ್ರು ಬರೋವರ್ಗೂ ಇಲ್ಲಿಂದ ಎದ್ದೇಳಲ್ಲ.’

ಠಾಣೆಯಲ್ಲಿ ಮೊದಲು ದೂರು ಬರೆದುಕೊಳ್ಳಲಿಲ್ಲ. ಎರಡು ವರ್ಷದ ಹಿಂದಿನದ್ದು, ಎತ್ತಿನ ಕೇಸು, ಮುಗಿದಿದೆ ಎಂದರು. ಚಂದ್ರಣ್ಣ ಹಟ್ಟಿಯ ನಲವತ್ತು ಜನರನ್ನು ತಂದು ಠಾಣೆಯ ಅಂಗಳದಲ್ಲಿ ಕೂರಿಸಿದ ಮೇಲೆ ಬರೆದುಕೊಂಡರು. ಕಾರನ್ನು ಸೀಲ್ ಮಾಡಿದರು, ಶಟರನ್ನು ಕೆಳಗೆ ಎಳೆಸಿ ಫೋಟೋ ತೆಗೆದರು. ಸಾಕ್ಷಿ ಅಳಿಸಿದ ಆರೋಪಿ ಎಂದು ದೊಡ್ಡಪಾಲಯ್ಯನ ಹೆಸರೂ ಬಂತು. ಅವನೇ ಹೇಳಿ ಬರೆಸಿದ. ಗೋವರ್ಧನನಿಗೆ ನಾಲ್ಕೇ ದಿನದಲ್ಲಿ ಜಾಮೀನು. ಪಾಲಯ್ಯನಿಗೆ ಹತ್ತೊಂಬತ್ತು ದಿನ ಹಿಡಿಯಿತು. ನ್ಯಾಯ ಕೂಡ ಯಾರ ಗಾಡಿ ಎಂದು ನೋಡಿಯೇ ದಾರಿ ಬಿಡುತ್ತದೆ.

ಅವನು ಹೊರಬಂದ ಸೋಮವಾರವೇ ಹಟ್ಟಿಯಲ್ಲಿ ಎತ್ತಿನ ಹಗ್ಗ ಬಿಚ್ಚುವುದಿತ್ತು. ಕರೆಯದಿದ್ದರೂ ಪಾಲಯ್ಯ ಹೋದ, ಚಪ್ಪಲಿ ಬಸ್‌ಸ್ಟಾಪಿನಲ್ಲೇ ಬಿಟ್ಟು, ದೂರ ನಿಂತ. ಯಾರೂ ಅವನಿಗೆ ನೀರು ಕೊಡಲಿಲ್ಲ.

ಬೋರಕ್ಕ ಹುಣಸೆ ಬುಡದಲ್ಲಿ ಕೂತು ಗಂಟು ಬಿಚ್ಚಿದಳು. ಕೊರಳಿನ ಸುತ್ತ ರೋಮ ಉದುರಿ ಚರ್ಮ ಕಪ್ಪಾಗಿತ್ತು. ಹಗ್ಗ ಕಳಚಿ ಬಿದ್ದರೂ ಎತ್ತು ಕದಲಲಿಲ್ಲ. ಕಟ್ಟಿದ್ದಷ್ಟೇ ಜಾಗದೊಳಗೆ ನಿಂತಿತು. ಜನ ಹೋ ಎಂದರು, ಹಿಂಡಿನ ಕಡೆಗೆ ಕೈ ಬೀಸಿದರು. ಇಲ್ಲ. ಆಗ ಮೇಲಿನ ರಸ್ತೆಯಲ್ಲಿ ಯಾವುದೋ ಕಾರು ಹಾರ್ನ್ ಹೊಡೆದು ಹೋಯಿತು. ಎತ್ತು ಎರಡು ಹೆಜ್ಜೆ ಇಟ್ಟು, ರಸ್ತೆಗೂ ಬೋರಕ್ಕನಿಗೂ ನಡುವೆ ಅಡ್ಡ ಬಂದು, ತಲೆ ತಗ್ಗಿಸಿ ನಿಂತಿತು. ಅಂದು ಕ್ಯಾತಣ್ಣನ ಮೇಲೆ ನಿಂತ ಹಾಗೆಯೇ. ಹಟ್ಟಿಯ ಜನ ಬೀಸುತ್ತಿದ್ದ ಕೈ ಇಳಿಸಿದರು.

ಚಂದ್ರಣ್ಣ ಹಗ್ಗವನ್ನು ಸುತ್ತಿ, ಪಾಲಯ್ಯ ನಿಂತಲ್ಲಿಗೆ ಬಂದು ಚಾಚಿದ. ‘ಇದು ನಿಂದು. ತಗಂಡು ಹೋಗು.’

‘ತಡೀರಿ ಮಾವ’ ಎಂದಳು ಬೋರಕ್ಕ. ಸೊಂಟದಲ್ಲಿದ್ದ ಕುಡುಗೋಲು ತೆಗೆದು, ಹಗ್ಗವನ್ನು ಸರಿ ಮಧ್ಯಕ್ಕೆ ಕೊಯ್ದಳು. ಒಂದು ತುಂಡು ಪಾಲಯ್ಯನ ಕೈಗೆ ಹಾಕಿದಳು. ಇನ್ನೊಂದನ್ನು ಚಂದ್ರಣ್ಣನ ಹೆಗಲಿಗೆ.

‘ಅಳಿಸ್ದೋನು ಅವನು. ಕಟ್ಟಿದೋರು ನೀವು.’

ಪಾಲಯ್ಯನ ತುಂಡು ಈಗ ಶೆಡ್ಡಿನಲ್ಲಿ, ಶಟರ್ ಎಳೆಯುವ ಕೊಂಡಿಯಲ್ಲಿ ಕಟ್ಟಿದೆ. ಸಂಜೆ ಅದನ್ನೇ ಹಿಡಿದು ಶಟರ್ ಇಳಿಸುತ್ತಾನೆ, ಆ ಸಾಲಿಗೆ ಬೆನ್ನು ಮಾಡದೆ. ಚಂದ್ರಣ್ಣ ತನ್ನ ತುಂಡನ್ನು ಎಲ್ಲಿಟ್ಟಿದ್ದಾನೋ ಹಟ್ಟಿಯಲ್ಲಿ ಯಾರೂ ಕೇಳಿಲ್ಲ.